ಬಾಗಿಲಲ್ಲೇ ನಿಂತ ಮಂತ್ರಿ

ಏಳು ಕೆರೆಗಳಾಚೆ ಒಂದು ರಾಜ್ಯವಿತ್ತಂತೆ. ಅಲ್ಲಿನ ಅರಮನೆಯಲ್ಲಿ ಹೊತ್ತುಹೊತ್ತಿಗೆ ಅನ್ನ ಬೆಂದಿರುತ್ತಿತ್ತು, ಅಂಗಳ ಗುಡಿಸಿರುತ್ತಿತ್ತು, ದೀಪ ಹಚ್ಚಿರುತ್ತಿತ್ತು. ಬೇಯಿಸಿದವರು ಯಾರು, ಗುಡಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಆದ ಕೆಲಸ ಸಿಂಹಾಸನದ ಮುಂದೆ ಬರಬೇಕು, ಮಾಡಿದವರು ಬಾಗಿಲ ಹಿಂದೆ ನಿಲ್ಲಬೇಕು, ಇದು ಅಲ್ಲಿನ ಕಟ್ಟಳೆ. ಹೀಗಿರುವಾಗ ಒಂದು ದಿನ ಆ ಅರಮನೆಯ ಬಾಗಿಲಿಗೆ ಒಬ್ಬ ಮಂತ್ರಿ ಬಂದ.

ಪೂರಿಗಾಲಿ ಹತ್ತಿರದ ತನ್ನೂರಿನ ಜಗಲಿಯ ಮೇಲೆ ಮಂಜುಶ್ರೀ ಕತೆಯನ್ನು ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದಳು. ಇದು ಅಜ್ಜಿ ಮರಿತಾಯಮ್ಮ ಹೇಳಿದ ಕತೆಯಲ್ಲ. ಅಜ್ಜಿಯ ಕತೆಗಳಲ್ಲೇ ಬೆಳೆದ ಮೊಮ್ಮಗಳು, ಇಂಗ್ಲಿಷ್ ವ್ಯಾಕರಣ ಕಲಿಸಲೆಂದು ತಾನೇ ಕಟ್ಟಿದ್ದು. ಕೇಳುತ್ತಿದ್ದವಳು ಎದುರು ಮನೆಯ ಅರುಂಧತಿ. ಊರಿನ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಮಕ್ಕಳಿಗೆ ಅಡುಗೆ ಮಾಡುವುದು, ಬಡಿಸುವುದು, ಮೂಗು ಒರೆಸುವುದು ಅವಳ ಕೆಲಸ. ಕಾರ್ಯಕರ್ತೆ ಯಶೋದಮ್ಮ ಆ ಬೇಸಗೆಯಲ್ಲಿ ನಿವೃತ್ತಿಯಾಗುವವರಿದ್ದರು. ಹತ್ತನೇ ತರಗತಿ ಪಾಸಾದರೆ ಆ ಜಾಗ ನಿನಗೇ ಎಂದು ಕಚೇರಿಯಲ್ಲಿ ಅರುಂಧತಿಗೆ ಹೇಳಿದ್ದರು. ಅವಳಿಗೆ ಉಳಿದಿದ್ದುದು ಇಂಗ್ಲಿಷ್ ಒಂದೇ. ಹದಿನೇಳು ವರ್ಷದ ಮೇಲೆ ಮಳವಳ್ಳಿಯಲ್ಲಿ ಮತ್ತೆ ಪರೀಕ್ಷೆ ಕಟ್ಟಿದ್ದಳು.

ಮಂಜುಶ್ರೀ ಮಂಡ್ಯದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ವಾರಕ್ಕೊಮ್ಮೆ ಬಂದು ಕಲಿಸುತ್ತೇನೆಂದು ಒಪ್ಪಿಕೊಂಡವಳೂ ಅವಳೇ. ಪತ್ರ, ಪ್ರಬಂಧ ಎಲ್ಲ ಹೇಗೋ ಆಯಿತು. ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗದಲ್ಲೂ ರೈಸ್ ಈಸ್ ಕುಕ್ಡ್ ಎಂದು ಅರುಂಧತಿ ತಪ್ಪಿಲ್ಲದೆ ಬರೆಯುತ್ತಿದ್ದಳು. ಶುಡ್, ಕ್ಯಾನ್, ಮಸ್ಟ್ ಬಂತೋ, ಮುಗಿಯಿತು. ರೈಸ್ ಶುಡ್ ಈಸ್ ಕುಕ್ಡ್ ಎಂದು ಬರೆದು ಮುಖ ನೋಡುತ್ತಿದ್ದಳು. ಗೈಡ್ ಪುಸ್ತಕದಲ್ಲಿ 'ಅನ್ನವು ಬೇಯಿಸಲ್ಪಡತಕ್ಕದ್ದು' ಎಂದು ಅಚ್ಚಾಗಿತ್ತು.

"ಇದ್ಯಾವ್ ಸೀಮೆ ಅನ್ನ ಅಮ್ಮಿ? ಇದು ಬೇಯಿಸಲ್ಪಡೋ ಒತ್ಗೆ ನಮ್ ಮಕ್ಳು ಅಸ್ಕಂಡು ಮನೆಗ್ ಓಗಿರ್ತವೆ" ಎಂದು ಅರುಂಧತಿ ನಕ್ಕಿದ್ದಳು.

ಆ ನಗುವಿನಿಂದಲೇ ಮಂಜುಶ್ರೀಗೆ ಅರಮನೆಯ ಕತೆ ಹೊಳೆದದ್ದು. ಹೇಳತೊಡಗಿದಳು. ಅರುಂಧತಿ ಮಾತುಮಾತಿಗೂ ಹೂಂ ಹೂಂ ಎನ್ನುತ್ತಿದ್ದಳು. ಆ ಊರಿನ ಮನೆಗಳಲ್ಲಿ ಹೂಂಗುಟ್ಟುವವರಿಲ್ಲದೆ ಕತೆ ನಡೆಯುವುದಿಲ್ಲ. ಮಂತ್ರಿ ಬಾಗಿಲಿಗೆ ಬಂದ ಎನ್ನುವಷ್ಟರಲ್ಲಿ ಮಳವಳ್ಳಿಗೆ ಹೋಗುವ ಕೊನೆಯ ಬಸ್ಸು ಹಾರನ್ ಹೊಡೆಯಿತು. ಬ್ಯಾಗು ಹೆಗಲಿಗೇರಿಸಿ ಓಡುತ್ತಾ ಮಂಜುಶ್ರೀ, ಬರುವ ವಾರ ಎದುರಿಗೆ ಕೂತು ಮುಗಿಸಿಕೊಡುತ್ತೇನೆ, ಮಾತು ಕೊಟ್ಟೆ ಅಕ್ಕ ಎಂದು ಕೂಗಿ ಹೇಳಿದಳು.

ಬರುವ ವಾರ ಬರಲಿಲ್ಲ. ಗೆಳತಿ ದೀಪಿಕ ಮದ್ದೂರಿನ ತನ್ನ ಮನೆಗೆ ಕರೆದಳು, ಹೋದಳು. ಅದರ ಮುಂದಿನ ವಾರ ಮಂತ್ರಿಗೆ ಒಂದು ಕುದುರೆ ಬೇಕೆನಿಸಿತು, ಕುದುರೆಗೊಂದು ಹೆಸರು ಬೇಕೆನಿಸಿತು. ಹಾಸ್ಟೆಲಿನ ಕಿಟಕಿಯಲ್ಲಿ ಕೂತು ಕತೆಯನ್ನು ಚಂದ ಮಾಡುತ್ತಾ ಮಾಡುತ್ತಾ, ಕೇಳಬೇಕಾದವಳನ್ನೇ ಮರೆತಳು. ನೆನಪಾದದ್ದು ಪರೀಕ್ಷೆಗೆ ಎರಡು ದಿನವಿರುವಾಗ, ಮತ್ತೆ ದೀಪಿಕಳ ಮನೆಗೆ ಹೋಗಿ ಬರುತ್ತಾ, ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿಂದಲೇ ಫೋನು ಮಾಡಿದಳು. ವಡೆ ಮಾರುವವರ ಕೂಗು, ಬಸ್ಸುಗಳ ಸದ್ದು, ಅದರ ನಡುವೆ ಹತ್ತು ನಿಮಿಷದಲ್ಲಿ ಉಳಿದ ಪಾಠವನ್ನೆಲ್ಲ ಒದರಿದಳು. ಆ ಕಡೆಯಿಂದ ಅರುಂಧತಿ ಒಂದೂ ತಪ್ಪದಂತೆ ಹೂಂ ಎಂದಳು. ಸದ್ಯ, ಗೊತ್ತಾಯಿತಲ್ಲ ಎಂದುಕೊಂಡು ಮಂಜುಶ್ರೀ ನೆಮ್ಮದಿಯಿಂದ ಮಂಡ್ಯದ ಬಸ್ಸು ಹತ್ತಿದಳು.

ನಾಲ್ಕು ಅಂಕ ಕಡಿಮೆ ಬಂತು. ಶುಡ್, ಮಸ್ಟ್ ಬರುವ ಆ ವಾಕ್ಯಗಳ ಪ್ರಶ್ನೆಗೆ ಇದ್ದದ್ದೂ ನಾಲ್ಕೇ ಅಂಕ. ಯಶೋದಮ್ಮನ ಜಾಗಕ್ಕೆ ಹಲಗೂರು ಕಡೆಯ ಹುಡುಗಿಯೊಬ್ಬಳು ಬಂದಳು. ಅರುಂಧತಿ ಯಾರ ಮೇಲೂ ಹೊರಿಸಲಿಲ್ಲ. ತನ್ನ ತಲೆಗೇ ಹತ್ತಲಿಲ್ಲ ಬುಡು ಎಂದು ಸುಮ್ಮನಾದಳಂತೆ. ಸುದ್ದಿ ಕೇಳಿ ಊರಿಗೆ ಬಂದ ಮಂಜುಶ್ರೀ ಅಜ್ಜಿಯ ಮುಂದೆ ಕೂತು, ಎಲ್ಲದಕ್ಕೂ ಹೂಂ ಅಂದಿದ್ದಳಲ್ಲ ಅಜ್ಜಿ ಎಂದಳು.

ಮರಿತಾಯಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.

"ಹೂಂ ಅಂದ್ರೆ ಎಚ್ಚರವಾಗಿವ್ನಿ, ಮುಂದಕ್ಕೇಳು ಅಂತ ಕಣಮ್ಮಿ. ಗೊತ್ತಾಯ್ತು ಅಂತಲ್ಲ. ನೀನು ಚಿಕ್ಕೋಳಿದ್ದಾಗ ಅರ್ಧ ನಿದ್ದೇಲೂ ಹೂಂ ಅಂತಿದ್ದೆ. ಅದ್ಕೆ ನಿನ್ನ ಮುಖ ನೋಡ್ಕಂಡೇ ಕತೆ ಏಳ್ತಿದ್ದೆ ನಾನು."

ಮಂಜುಶ್ರೀ ಮುಖ ನೋಡಿರಲಿಲ್ಲ. ಫೋನಿನಲ್ಲಿ ಮುಖ ಕಾಣುವುದಿಲ್ಲ ಎನ್ನುವುದು ನೆವವಷ್ಟೇ. ಜಗಲಿಯಲ್ಲಿ ಎದುರೆದುರು ಕೂತಿದ್ದಾಗಲೂ ಅವಳು ನೋಡುತ್ತಿದ್ದುದು ತನ್ನ ಅರಮನೆಯನ್ನೇ.

ಮರುದಿನ ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅಂಗನವಾಡಿಗೆ ಹೋದಳು. ಅರುಂಧತಿ ಪಾತ್ರೆ ಬೋರಲು ಹಾಕುತ್ತಿದ್ದಳು. ಬಾಕಿ ಉಳಿದ ಪಾಠ ಮುಗಿಸಲು ಬಂದಿದ್ದೇನೆ ಎಂದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಈಗ್ಯಾಕವ್ವ? ಆ ಕೆಲ್ಸ ಓಯ್ತಲ್ಲ."

ಮಂಜುಶ್ರೀ ತಲೆ ತಗ್ಗಿಸಿದಳು. "ಮಾತು ಕೊಟ್ಟಿದ್ದೆ ಅಕ್ಕ."

"ಕತೆ ಏಳು ಮತ್ತೆ. ಆ ಮಂತ್ರಿ ಏನಾದ ಅಂತ ನಂಗೂ ಒಂದೊಂದ್ಸಲ ಅನ್ನಿಸ್ತದೆ."

ಈ ಸಲ ಕುದುರೆಯಿಲ್ಲ, ಹೂಂಗುಟ್ಟುವುದೂ ಬೇಡ ಎಂದಳು ಮಂಜುಶ್ರೀ. ಶುಡ್, ಕ್ಯಾನ್, ಮಸ್ಟ್, ಮೇ ಇವರೇ ಮಂತ್ರಿಗಳು. ಮಂತ್ರಿ ಮುಂದೆ ನಿಂತರೆ ಅವನ ಹಿಂದೆ ಬರುವ ಸೇವಕ ಒಡವೆ ಹಾಕುವಂತಿಲ್ಲ. ಈಸ್, ಆರ್, ವಾಸ್ ಎಲ್ಲವೂ ಆ ಸೇವಕನ ಒಡವೆಗಳು. ಕಳಚಿಟ್ಟು ಬರೀ 'ಬಿ' ಆಗಿ ಬರಬೇಕು. ಅವನ ಹಿಂದೆ ಆದ ಕೆಲಸ. ಇಷ್ಟು ಹೇಳಿ ಮಂಜುಶ್ರೀ ಅರುಂಧತಿಯ ಮುಖ ನೋಡಿದಳು. ಹುಬ್ಬು ಗಂಟಾಗಿತ್ತು. ಮತ್ತೆ ಹೇಳಿದಳು. ಮೂರನೇ ಸಲ ಗಂಟು ಸಡಿಲವಾಯಿತು.

"ಈಗ ನೀನೇ ಹೇಳಕ್ಕ."

"ಮುಂದೆ ಮಂತ್ರಿ. ಅವ್ನಿಂದೆ ಒಡವೆ ಬಿಚ್ಚಿಟ್ಟೋನು. ಅವ್ನಿಂದೆ ಬೆಂದಿರೋ ಅನ್ನ. ಬೇಯಿಸ್ದೋಳು ಬಾಗ್ಲಿಂದೆ." ಅರುಂಧತಿ ಒಲೆಯತ್ತ ನೋಡಿ ನಕ್ಕಳು. "ಸೂಪರ್‌ವೈಜರ್ ಬಂದಾಗ ನಾನು ನಿಂತ್ಕಳಲ್ವ, ಅಂಗೆ."

ಮಂಜುಶ್ರೀಗೆ ನಗಲಾಗಲಿಲ್ಲ.

ಮಕ್ಕಳ ಬೋರ್ಡಿನ ಮೇಲೆ, ಆನೆಯ ಚಿತ್ರದ ಕೆಳಗೆ, ಅರುಂಧತಿ ಬಳಪದಲ್ಲಿ ಬರೆದಳು. ರೈಸ್ ಶುಡ್ ಬಿ ಕುಕ್ಡ್. ದ ಕಿಚನ್ ಮಸ್ಟ್ ಬಿ ಕ್ಲೀನ್ಡ್. ಆಮೇಲೆ ತಿರುಗಿ, ಹೊತ್ತು ಮೀರಿಹೋದ ಕೆಲಸಕ್ಕೆ ಹೇಗೆ, ಆಗಬೇಕಿತ್ತು, ಆಗಲಿಲ್ಲ ಅನ್ನುವುದಕ್ಕೆ, ಎಂದು ಕೇಳಿದಳು. ಮಂತ್ರಿಯ ಹಿಂದೆ 'ಹ್ಯಾವ್' ಎಂಬ ಮುದುಕ ಬಂದು ಸೇರುತ್ತಾನೆ, ಅವನ ಕೈ ಹಿಡಿದದ್ದೇ 'ಬಿ' ಅನ್ನುವವನು 'ಬೀನ್' ಆಗುತ್ತಾನೆ ಎಂದು ಮಂಜುಶ್ರೀ ಮೆಲ್ಲಗೆ ಹೇಳಿದಳು.

ಅರುಂಧತಿ ಬಳಪ ಎತ್ತಿಕೊಂಡು, ಒಂದೊಂದೇ ಅಕ್ಷರ ತಡವಿ ತಡವಿ ಬರೆದಳು. ದ ಲೆಸನ್ ಶುಡ್ ಹ್ಯಾವ್ ಬೀನ್ ಫಿನಿಶ್ಡ್.

"ಸರಿಯೇನಮ್ಮಿ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದನ್ನೇ ಮಂಜುಶ್ರೀಗೆ ತಡೆಯಲಾಗಲಿಲ್ಲ. ಹೂಂ ಎನ್ನಲು ಹೊರಟವಳು ಅದನ್ನು ನುಂಗಿಕೊಂಡಳು. ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು.

"ಸರಿಯಾಗಿದೆ ಅಕ್ಕ. ಒಂದಕ್ಷರವೂ ತಪ್ಪಿಲ್ಲ."

"ಅಂಗಾದ್ರೆ ರೈಟ್ ಆಕು" ಎಂದು ಅರುಂಧತಿ ಬಳಪ ಚಾಚಿದಳು.

ಮಂಜುಶ್ರೀ ಆ ವಾಕ್ಯದ ಪಕ್ಕದಲ್ಲಿ ರೈಟ್ ಹಾಕಿದಳು.