ಕಾಲು ಇಂಚು

ಮೂರನೇ ಸಲ ಕೀಲಿ ತಿರುಗಿಸಿದಾಗ ಎಂಜಿನ್ನಿನಿಂದ ಒಂದು ಕೆಮ್ಮೂ ಬರಲಿಲ್ಲ. ಹೋಲಿಸ್ ಟ್ಯಾಕೆಟ್ ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡು ಗಡಿಯಾರ ನೋಡಿದ. ಎರಡು ಗಂಟೆ ಇಪ್ಪತ್ತು ನಿಮಿಷ. ಮೂರಕ್ಕೆ ಸರಿಯಾಗಿ ತೂಕಕ್ಕೆ ದೋಣಿಕಟ್ಟೆಯಲ್ಲಿರಬೇಕು. ಕಟ್ಟೆ ಸರೋವರದ ಇನ್ನೊಂದು ತುದಿಯಲ್ಲಿ, ಏಳು ಮೈಲಿ ಆಚೆಗಿತ್ತು. ದೋಣಿಯ ಮೂತಿಯಲ್ಲಿದ್ದ ಪುಟ್ಟ ಬ್ಯಾಟರಿ ಮೋಟಾರು ಸದ್ದಿಲ್ಲದೆ ಮೀನಿನ ಹತ್ತಿರ ಸರಿಯುವುದಕ್ಕೆ ಸಾಕು, ಏಳು ಮೈಲಿ ಓಡುವುದಕ್ಕೆ ಅದರಪ್ಪನಿಂದಲೂ ಆಗದು.

ಕಾಲ ಬುಡದಲ್ಲಿದ್ದ ನೀರಿನ ತೊಟ್ಟಿಯಲ್ಲಿ ಐದು ಬಾಸ್ ಮೀನುಗಳು ಸುತ್ತುತ್ತಿದ್ದವು. ಪಂದ್ಯಕ್ಕೆ ಐದೇ ಮೀನು. ಒಂದೊಂದೂ ಹದಿನೈದು ಇಂಚಿಗೆ ಕಡಿಮೆಯಿರಬಾರದು, ಬದುಕಿರಬೇಕು, ತೂಗಿದ ಮೇಲೆ ತಿರುಗಿ ನೀರಿಗೇ ಬಿಡಬೇಕು. ತಿನ್ನದ ಮೀನಿಗಾಗಿ ನಸುಕಿನಲ್ಲೆದ್ದು ಓಡುವ ಇಪ್ಪತ್ತೆರಡು ಗಂಡಸರನ್ನು ಅವರ ಹೆಂಡಂದಿರು ಸಂಜೆ ಮತ್ತೆ ಮನೆಯೊಳಗೆ ಸೇರಿಸುತ್ತಾರಲ್ಲ, ನಮ್ಮೂರು ಸ್ಯಾಂಡಿ ಫೋರ್ಕ್‌ನಲ್ಲಿ ಅದಕ್ಕಿಂತ ದೊಡ್ಡ ಪವಾಡ ಇನ್ನೊಂದಿಲ್ಲ.

ಅಂದು ವರ್ಷದ ಕೊನೆಯ ಪಂದ್ಯ. ಹೋಲಿಸ್‌ಗೆ ಅರವತ್ತೇಳು ವರ್ಷ, ಊರಿನ ಗಾಳದ ಕ್ಲಬ್ಬಿನಲ್ಲಿ ಮೂವತ್ತೊಂದನೇ ವರ್ಷ. ವರ್ಷದ ಅಗ್ರ ಮೀನುಗಾರನಿಗೆ ಕೊಡುವ ಕಪ್ಪು ಒಮ್ಮೆಯೂ ಅವನ ಮನೆಗೆ ಬಂದಿರಲಿಲ್ಲ. ಈ ಸಲ ಅಂಕಪಟ್ಟಿಯ ಮೇಲ್ತುದಿಯಲ್ಲಿ ಅವನೂ ಡುವೇನ್ ಮೆಕೆಲ್ವಿಯೂ ಸರಿಸಮ. ಇವತ್ತು ಇಬ್ಬರಲ್ಲಿ ಯಾರ ಮೀನು ಹೆಚ್ಚು ತೂಗುತ್ತದೋ ಕಪ್ಪು ಅವರದು. ಬೆಳಿಗ್ಗೆ ದೋಣಿ ನೀರಿಗಿಳಿಸುವಾಗ ಹೆಂಡತಿ ವರ್ನಾ, "ಕಪ್ ಇಡೋಕೆ ಟೀವಿ ಮೇಲೆ ಜಾಗ ಮಾಡಿದೀನಿ, ನಿಮ್ಮಮ್ಮನ ಫೋಟೋ ಪಕ್ಕಕ್ಕೆ ಸರಿಸಿ. ಬರಿಗೈಲಿ ಬಂದ್ರೆ ಅತ್ತೆಗೆ ನೀವೇ ಉತ್ತರ ಹೇಳ್ಕೊಳ್ಳಿ" ಎಂದಿದ್ದಳು.

ದೂರದಲ್ಲಿ ಎರಡು ದೋಣಿಗಳು ನೀರು ಸೀಳಿಕೊಂಡು ಕಟ್ಟೆಯ ಕಡೆಗೆ ಹೋದವು. ಹೋಲಿಸ್ ಟೋಪಿ ಬೀಸಿದ. ಅವರು ಹುರುಪಿನಿಂದ ತಿರುಗಿ ಟೋಪಿ ಬೀಸಿ ಮರೆಯಾದರು.

ಆಮೇಲೆ ಪಕ್ಕದ ತೊರೆಯ ಬಾಯಿಂದ ಒಂದು ಹಸಿರು ದೋಣಿ ಹೊರಬಂತು. ಅದನ್ನು ಗುರುತಿಸಿದ್ದೇ ಹೋಲಿಸ್ ಟೋಪಿಯನ್ನು ತಲೆಗೆ ಹಾಕಿಕೊಂಡು, ಕೈಕಟ್ಟಿ ಕೂತುಬಿಟ್ಟ. ಅದು ಡುವೇನ್‌ನ ದೋಣಿ.

ಒಂಬತ್ತು ವರ್ಷಗಳ ಹಿಂದೆ ಇಬ್ಬರೂ ಒಂದೇ ದೋಣಿಯಲ್ಲಿ ಗಾಳ ಹಾಕಿದವರು, ಒಂದೇ ತಟ್ಟೆಯಲ್ಲಿ ತಿಂದವರು. ಆ ವರ್ಷ ತೂಕದ ಮೇಜಿನ ಮೇಲೆ ಹೋಲಿಸ್‌ನ ಒಂದು ಮೀನು ಹದಿನೈದಕ್ಕೆ ಕಾಲು ಇಂಚು ಕಡಿಮೆ ಬಂತು. ಅಳತೆಗೆ ಕಡಿಮೆಯಾದ ಮೀನು ತಂದರೆ ಅದೂ ಲೆಕ್ಕಕ್ಕಿಲ್ಲ, ಉಳಿದ ತೂಕದಲ್ಲೂ ಒಂದು ಪೌಂಡ್ ಕಡಿತ. ಸಾಲಿನಲ್ಲಿ ತನ್ನ ಹಿಂದೆ ನಿಂತಿದ್ದ ಡುವೇನ್‌ನೇ ತೂಗುವವನಿಗೆ ಸನ್ನೆ ಮಾಡಿದ ಎಂದು ಹೋಲಿಸ್ ಊರೆಲ್ಲ ಹೇಳಿಕೊಂಡು ಬಂದ. ಡುವೇನ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಊರು ಇಬ್ಬರಿಗೂ ನ್ಯಾಯ ಒದಗಿಸಿತು: ಒಬ್ಬನಿಗೆ 'ಕಾಲಿಂಚು' ಎಂಬ ಅಡ್ಡಹೆಸರು, ಇನ್ನೊಬ್ಬನಿಗೆ ಚಾಡಿಕೋರನೆಂಬ ಬಿರುದು. ಅಂದಿನಿಂದ ಇಬ್ಬರೂ ಎದುರಾದರೆ ಬಹುವಚನದಲ್ಲಿ ಮಾತಾಡುತ್ತಿದ್ದರು, ಅದೂ ಅನಿವಾರ್ಯವಾದರೆ.

ಹಸಿರು ದೋಣಿ ವೇಗ ತಗ್ಗಿಸಿ ಪಕ್ಕಕ್ಕೆ ಬಂದು ನಿಂತಿತು. ಡುವೇನ್ ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ. ಬಿಸಿಲಿಗೆಂದು ಮುಖಕ್ಕೆ ಸುತ್ತಿದ್ದ ಬಟ್ಟೆ ಕೆಳಕ್ಕೆಳೆದುಕೊಂಡ.

"ಏನಾಯ್ತು ಟ್ಯಾಕೆಟ್ ಅವರೇ?"

"ಏನಿಲ್ಲ. ಗಾಳಿ ತಗೋತಾ ಇದೀನಿ."

"ಈ ಹೊತ್ನಲ್ಲಾ?"

ಹೋಲಿಸ್ ನೀರು ನೋಡಿದ. "ಎಂಜಿನ್ ಕೈಕೊಡ್ತು."

"ಮೀನು?"

"ಐದಿವೆ."

ಡುವೇನ್ ಕಟ್ಟೆಯ ದಿಕ್ಕಿಗೊಮ್ಮೆ ನೋಡಿ, ಹಗ್ಗ ಎಸೆದ. "ಮೀನು ತಗೊಂಡು ಇದಕ್ಕೆ ಹತ್ತಿ. ದೋಣಿ ಕೆಟ್ಟೋರು ಇನ್ನೊಬ್ಬರ ದೋಣೀಲಿ ಬರಬಹುದು ಅಂತ ನಿಯಮದಲ್ಲೇ ಇದೆ."

"ನಿಯಮ ನಿಮಗೆ ಯಾವಾಗ್ಲೂ ಬಾಯಿಪಾಠ."

"ಬೈಯೋದಾದ್ರೆ ಹತ್ತಿ ಬೈರಿ. ನಂಗೂ ಮೂರಕ್ಕೇ ಹೋಗ್ಬೇಕು."

ಹೋಲಿಸ್ ತನ್ನ ದೋಣಿಗೆ ಲಂಗರು ಹಾಕಿದ. ಮೀನುಗಳನ್ನು ಒಂದೊಂದಾಗಿ ಕೆಳದುಟಿ ಹಿಡಿದೆತ್ತಿ ದಾಟಿಸಿದ. ಡುವೇನ್‌ನ ತೊಟ್ಟಿಗೆ ನಡುವೆ ಗೋಡೆಯಿತ್ತು. ಎಡಕ್ಕೆ ಅವನ ಐದು, ಬಲಕ್ಕೆ ಹೋಲಿಸ್‌ನ ಐದು. ಕೊನೆಯಲ್ಲಿ ಹೋಲಿಸ್ ಹಳೆಯದೊಂದು ಮರದ ಹಲಗೆಯನ್ನೂ ಎತ್ತಿಕೊಂಡ. ಎಂಜಿನ್ ಬಿಟ್ಟು ಬಂದಾನು, ಅದನ್ನು ಬಿಟ್ಟು ಬರುವವನಲ್ಲ. ಸಾಮಿಲ್ಲಿನಲ್ಲಿ ದುಡಿಯುತ್ತಿದ್ದ ಅವನಪ್ಪ ದೇವದಾರಿನಲ್ಲಿ ಮಾಡಿಕೊಟ್ಟ ಅಳತೆಹಲಗೆ ಅದು. ಕಾದ ಮೊಳೆಯಿಂದ ಗೆರೆ ಸುಟ್ಟು ಇಂಚು ಗುರುತಿಸಿದ್ದ. ಒಂದು ತುದಿಯಲ್ಲಿ ಮೀನಿನ ಮೂತಿ ತಾಗಿಸಲು ಅಡ್ಡಪಟ್ಟಿ.

ಡುವೇನ್ ತೊಟ್ಟಿಯ ಮೇಲೆ ಬಗ್ಗಿ ಬಲಭಾಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಟೀರಿಂಗಿನ ಹಿಂದೆ ಹೋಗಿ ಕೂತ. ಕೀಲಿ ತಿರುಗಿಸಲಿಲ್ಲ.

"ಆ ಚಿಕ್ಕದನ್ನ ಇನ್ನೊಂದ್ಸಲ ಅಳೀರಿ," ಎಂದ.

ಹೋಲಿಸ್‌ಗೆ ಕಿವಿ ಬಿಸಿಯಾಯಿತು. ಒಂಬತ್ತು ವರ್ಷಗಳ ಹಿಂದೆಯೂ ಇದೇ ಮಾತು, ಇದೇ ತಗ್ಗಿದ ದನಿ. ಸಾಲಿನಲ್ಲಿ ನಿಂತಾಗ ಡುವೇನ್ ಅವನ ಕಿವಿಯ ಹತ್ತಿರ ಬಂದು, "ಲೋ, ಆ ಚಿಕ್ಕದನ್ನ ನನ್ನ ಹಲಗೇಲಿ ಇನ್ನೊಂದ್ಸಲ ಅಳಿಯೋ" ಎಂದಿದ್ದ. "ನಮ್ಮಪ್ಪನ ಹಲಗೆಗಿಂತ ನಿನ್ನ ಅಂಗಡಿ ತಗಡು ಹೆಚ್ಚೇನೋ?" ಎಂದು ಹೋಲಿಸ್ ಮುಂದೆ ಹೋಗಿದ್ದ. ಊರಿಗೆ ಹೇಳಿದ ಕಥೆಯಲ್ಲಿ ಈ ಭಾಗವನ್ನು ಅವನು ಎಂದೂ ಸೇರಿಸಿರಲಿಲ್ಲ. ವರ್ನಾಗೂ ಹೇಳಿರಲಿಲ್ಲ.

"ಅಳೆದೇ ಹಾಕಿದೀನಿ," ಎಂದ ಈಗ. ಸುಳ್ಳಲ್ಲ. ಆ ಅವಮಾನದ ನಂತರ ಅಂಚಿನಲ್ಲಿರುವ ಮೀನನ್ನು ಅವನು ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಹದಿನೈದೂವರೆ ದಾಟದ್ದನ್ನೆಲ್ಲ ವಾಪಸ್ ಬಿಡುತ್ತಿದ್ದ. ಇವತ್ತು ಮಾತ್ರ ಐದನೆಯದು ಸಿಗದೆ, ಸರಿಯಾಗಿ ಹದಿನೈದು ತೋರಿದ್ದನ್ನು ತೊಟ್ಟಿಗೆ ಹಾಕಿದ್ದ.

"ಅಳೆದಿರ್ತೀರಿ. ಇನ್ನೊಂದ್ಸಲ ಅಳೀರಿ ಅಂದೆ."

"ಹೊತ್ತಾಗ್ತಿದೆ."

"ಹೌದು, ಆಗ್ತಿದೆ," ಎಂದ ಡುವೇನ್. ಕೈ ಮಾತ್ರ ತೊಡೆಯ ಮೇಲೇ ಇತ್ತು.

ಹೋಲಿಸ್ ಮೀನನ್ನೆತ್ತಿ ಅಪ್ಪನ ಹಲಗೆಯ ಮೇಲೆ ಮಲಗಿಸಿದ. ಮೂತಿ ಪಟ್ಟಿಗೆ ತಾಗಿತು, ಬಾಲದ ತುದಿ ಹದಿನೈದರ ಕಪ್ಪು ಗೆರೆಯ ಮೇಲೆ ಬಂತು. "ನೋಡಿ, ಕಣ್ಣಿದ್ರೆ." ಡುವೇನ್ ತನ್ನ ಅಲ್ಯೂಮಿನಿಯಂ ಹಲಗೆ ಚಾಚಿದ. ಹೋಲಿಸ್ ಅದೇ ಮೀನನ್ನು ಅದರ ಮೇಲಿಟ್ಟ. ಬಾಲ ಹದಿನೈದನ್ನು ಮುಟ್ಟಲಿಲ್ಲ. ಒತ್ತಿದ, ನೇರ ಮಾಡಿದ. ಕಾಲು ಇಂಚು ಕಡಿಮೆ.

ಮೀನನ್ನು ತೊಟ್ಟಿಗೆ ಹಾಕಿ ಎರಡೂ ಹಲಗೆಗಳನ್ನು ಒಂದರ ಪಕ್ಕ ಒಂದಿಟ್ಟ. ಗೆರೆಗೆ ಗೆರೆ ಹೊಂದುತ್ತಿತ್ತು, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ತುದಿಯ ಪಟ್ಟಿ ಮಾತ್ರ ಇವನದು ಒಳಕ್ಕೆ ಚಾಚಿಕೊಂಡಿತ್ತು.

ಆಗ ಅವನಿಗೆ ನೆನಪಾಯಿತು. ಒಂಬತ್ತು ವರ್ಷಗಳ ಹಿಂದೆ, ಮೀನು ಕಡಿಮೆ ಬಂದ ಆ ಪಂದ್ಯಕ್ಕೆ ಮುಂಚಿನ ವಸಂತದಲ್ಲಿ ಹಲಗೆ ಗ್ಯಾರೇಜಿನಲ್ಲಿ ಕೈತಪ್ಪಿ ಬಿದ್ದು ಅಪ್ಪ ಹಾಕಿದ್ದ ಪೈನ್ ಪಟ್ಟಿ ಸೀಳಿತ್ತು. ಹೋಲಿಸ್ ಓಕ್ ಮರದ ತುಂಡೊಂದನ್ನು ಕೊಯ್ದು ಮೊಳೆ ಹೊಡೆದಿದ್ದ. ಹಳೆಯದಕ್ಕಿಂತ ಗಟ್ಟಿಯಾಯಿತು ಎಂದು ವರ್ನಾಳನ್ನು ಕರೆದು ತೋರಿಸಿಯೂ ಇದ್ದ. ಗಟ್ಟಿಯೇನೋ ಆಗಿತ್ತು, ಜೊತೆಗೆ ದಪ್ಪವೂ ಆಗಿತ್ತು. ಅಪ್ಪನ ಅಳತೆಯಲ್ಲಿ ತಪ್ಪಿರಲಿಲ್ಲ. ಡುವೇನ್‌ನ ಮಾತಿನಲ್ಲೂ ತಪ್ಪಿರಲಿಲ್ಲ. ಒಂಬತ್ತು ವರ್ಷ ಒಬ್ಬ ಸ್ನೇಹಿತನನ್ನು ದೂರವಿಟ್ಟದ್ದು ತಾನೇ ಹೊಡೆದ ಒಂದು ತುಂಡು ಮರ. ನಾಚಿಕೆಯಿಂದ ಅವನಿಗೆ ತಲೆಯೆತ್ತಲಾಗಲಿಲ್ಲ.

ಚಿಕ್ಕ ಮೀನನ್ನು ಎರಡೂ ಕೈಯಲ್ಲಿ ಹಿಡಿದು ದೋಣಿಯಾಚೆ ನೀರಿಗಿಳಿಸಿದ. ಅದು ಕ್ಷಣ ಅಲ್ಲೇ ನಿಂತು, ಬಾಲ ಬಡಿದು ಅವನ ಮುಖಕ್ಕೆ ನೀರು ಸಿಡಿಸಿ ಹೋಯಿತು. ಮುಖ ಒರೆಸಿಕೊಳ್ಳುವುದಕ್ಕೆ ಅವನಿಗೂ ಒಂದು ನೆಪ ಬೇಕಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ಡುವೇನ್ ಕೀಲಿ ತಿರುಗಿಸಿದ.

ಕಟ್ಟೆ ಮುಟ್ಟಿದಾಗ ಮೂರಕ್ಕೆ ನಾಲ್ಕು ನಿಮಿಷವಿತ್ತು. ಒಂದೇ ದೋಣಿಯಿಂದ ಇಬ್ಬರೂ ಇಳಿದದ್ದನ್ನು ಕಂಡು ದಡದ ಮೇಲಿನವರೆಲ್ಲ ಕತ್ತು ಚಾಚಿದರು. ಬಾಳೆಹಣ್ಣಿನ ಪುಡ್ಡಿಂಗ್ ಬಡಿಸುತ್ತಿದ್ದ ವರ್ನಾಳ ಚಮಚ ಗಾಳಿಯಲ್ಲೇ ಉಳಿಯಿತು.

ತೂಗುವವನು ಎರೆ ಅಂಗಡಿಯ ಲೋನಿ ಪೆಟಸ್. ಮೈಕು ಕೈಗೆ ಸಿಕ್ಕರೆ ಅವನಿಗೆ ಪಾದ್ರಿಯ ದನಿ ಬಂದುಬಿಡುತ್ತದೆ. ಮೊದಲು ಡುವೇನ್‌ನ ಐದು ಮೀನು: ಹನ್ನೆರಡು ಪೌಂಡ್, ಹದಿನೈದು ಔನ್ಸ್. ಚಪ್ಪಾಳೆ ಬಿತ್ತು, ಬಹಳ ಜೋರಾಗಿಯೇನಲ್ಲ. ಚಾಡಿಕೋರನಿಗೆ ನಮ್ಮೂರು ಅಳೆದೇ ಚಪ್ಪಾಳೆ ಕೊಡುತ್ತದೆ.

"ಈಗ ನಮ್ಮ ಕಾಲಿಂಚು," ಎಂದ ಲೋನಿ. "ಏನಪ್ಪಾ, ನಾಲ್ಕೇ? ಐದನೇದನ್ನ ದಾರೀಲೇ ತಿಂದ್ಯಾ?"

ಮುಳ್ಳು ಅಲುಗಾಡಿ ನಿಂತಿತು. ನಾಲ್ಕು ಮೀನಿಗೆ ಹದಿಮೂರು ಪೌಂಡ್, ಆರು ಔನ್ಸ್.

ಮೂವತ್ತೊಂದು ವರ್ಷ ಕಾದ ಗಳಿಗೆ ಅದು. ಯಾರೋ ಹೋಲಿಸ್‌ನ ಬೆನ್ನು ತಟ್ಟಿದರು, ಯಾರೋ ಟೋಪಿ ಎಗರಿಸಿದರು. ಅವನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಚಿಕ್ಕದೂ ಜೊತೆಗೆ ಬಂದಿದ್ದರೆ ಒಂದು ಪೌಂಡ್ ಕಡಿತ, ಉಳಿಯುತ್ತಿದ್ದದ್ದು ಹನ್ನೆರಡು ಪೌಂಡ್, ಆರು ಔನ್ಸ್. ಕಪ್ಪು ಡುವೇನ್‌ನದಾಗುತ್ತಿತ್ತು. ಡುವೇನ್ ಸುಮ್ಮನೆ ಕೀಲಿ ತಿರುಗಿಸಿದ್ದರೆ ಸಾಕಿತ್ತು.

ಜನರ ನಡುವೆ ದಾರಿ ಮಾಡಿಕೊಂಡು ಅವನ ಹತ್ತಿರ ಹೋದ.

"ನಿಂಗೆ ಗೊತ್ತಿತ್ತು ಅಲ್ವೇನೋ?" ಏಕವಚನ ತಾನಾಗಿಯೇ ಬಂದಿತ್ತು.

ಡುವೇನ್ ಪೇಪರ್ ಕಪ್ಪಿನಲ್ಲಿದ್ದ ಸಿಹಿ ಚಹಾ ಕುಡಿದ. "ಅಂದಾಜಿತ್ತು."

"ಮತ್ಯಾಕೆ ಹೇಳ್ದೆ?"

"ಹೋದ್ಸಲಾನೂ ಹೇಳಿದ್ನಲ್ಲ."

ಹೋಲಿಸ್ ತಿರುಗಿ ಹೋಗಿ ಲೋನಿಯ ಕೈಯಿಂದ ಮೈಕು ಕಿತ್ತುಕೊಂಡ. ನಾಲ್ಕು ಜನರೆದುರು ಮಾತಾಡಿ ಅಭ್ಯಾಸವಿಲ್ಲದವನು.

"ಕಪ್ ಆಮೇಲೆ ಕೊಡೋರಂತೆ. ಮೊದ್ಲು ಒಂದು ಮಾತು ಕೇಳಿ. ಒಂಬತ್ತು ವರ್ಷದ ಹಿಂದೆ ನನ್ನ ಮೀನು ಕಡಿಮೆ ಬಂತಲ್ಲ, ಅವತ್ತು ಡುವೇನ್ ನನ್ಮೇಲೆ ಚಾಡಿ ಹೇಳ್ಲಿಲ್ಲ. ತೂಕಕ್ಕೆ ಹೋಗೋ ಮುಂಚೆ ನಂಗೊಬ್ಬನಿಗೇ, ಕಿವೀಲಿ, ಅಳಿಯೋ ಅಂದ. ನಾನು ಕೇಳ್ಲಿಲ್ಲ. ಆಮೇಲೆ ನಿಮ್ಮೆಲ್ಲರ ಹತ್ರ ಸುಳ್ಳು ಹೇಳ್ದೆ. ಇವತ್ತೂ ಅದೇ ಮಾತು ಹೇಳ್ದ. ಅದಕ್ಕೇ ನಾಲ್ಕು ಮೀನು, ಅದಕ್ಕೇ ಈ ಕಪ್ಪು. ನಂಗೆ ಕಾಲಿಂಚು ಅಂತ ಕರೀರಿ, ಬೇಜಾರಿಲ್ಲ. ಅವನಿಗೆ ಕೊಟ್ಟ ಹೆಸರು ಮಾತ್ರ ವಾಪಸ್ ತಗೊಳ್ಳಿ. ಡುವೇನ್, ನಿನ್ನ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ ಮಾರಾಯ."

ಡುವೇನ್ ಖಾಲಿ ಪೇಪರ್ ಕಪ್ಪಿನೊಳಗೆ ಇಣುಕಿ ನೋಡುತ್ತ ನಿಂತಿದ್ದ. ವರ್ನಾ ಒಂದು ಬಟ್ಟಲು ಪುಡ್ಡಿಂಗ್ ತಂದು ಅವನ ಕೈಗಿಟ್ಟಳು.

"ತಿನ್ನಿ ಡುವೇನ್. ಒಂಬತ್ತು ವರ್ಷದ್ದು ಬಾಕಿ ಇದೆ, ಒಂದೇ ದಿನ ಕೊಟ್ರೆ ಹೊಟ್ಟೆ ಕೆಡುತ್ತೆ." ಆಮೇಲೆ ಗಂಡನ ಕಡೆ ತಿರುಗಿ, "ನಂಗೂ ಹೇಳ್ಲಿಲ್ಲ ಅಲ್ವಾ? ಮನೆಗೆ ಬನ್ನಿ, ಮಾಡ್ತೀನಿ" ಎಂದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ನಾಲ್ಕೂವರೆಗೆ ಇಬ್ಬರೂ ಕೆಟ್ಟ ದೋಣಿಯನ್ನು ಎಳೆದು ತರಲು ಹಸಿರು ದೋಣಿಯಲ್ಲಿ ಹೊರಟರು. ತೊರೆಯ ಬಾಯಿಯ ಹತ್ತಿರ ಡುವೇನ್ ಎಂಜಿನ್ ನಿಲ್ಲಿಸಿ, "ಆ ಹಲಗೆ ಕೊಡಿಲ್ಲಿ" ಎಂದ. ತಕ್ಷಣ, "ಕೊಡೋ" ಎಂದು ತಿದ್ದಿಕೊಂಡ.

ಹೋಲಿಸ್ ಹಲಗೆಯನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದ. ಡುವೇನ್ ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಳೆದ. ತುಕ್ಕು ಹಿಡಿದಿದ್ದವು, ಹೊರಬರಲು ಹಟ ಮಾಡಿದವು. ಓಕ್ ತುಂಡು ಕಳಚಿ ದೋಣಿಯ ತಳಕ್ಕೆ ಬಿತ್ತು. ಅದರಡಿಯಲ್ಲಿ ಬಿಸಿಲು ಕಾಣದ ಮರ ಇನ್ನೂ ಕೆಂಪಗಿತ್ತು. ಅದರ ನಡುವೆ, ಕಾದ ಮೊಳೆಯಿಂದ ಅಪ್ಪ ಸುಟ್ಟಿದ್ದ, ಅಳತೆ ಶುರುವಾಗುವ ಮೊದಲನೆಯ ಗೆರೆ, ಹೊಸದಾಗಿ ಎಳೆದಷ್ಟು ಕಪ್ಪಗೆ ಕಂಡಿತು. ಹೋಲಿಸ್ ಅದರ ಮೇಲೆ ಹೆಬ್ಬೆರಳಿಟ್ಟು ಸವರಿದ. ಆಮೇಲೆ ಹಲಗೆಯನ್ನು ಡುವೇನ್‌ಗೂ ಕಾಣುವಂತೆ ಅವನ ಕಡೆಗೆ ತಿರುಗಿಸಿದ.