ಮಳೆ ಬಿಟ್ಟ ಮೋಡ

"ಸಮಸ್ತ ನಾಗರಿಕರ ಗಮನಕ್ಕೆ! ಟಾರ್ಪಾಲಿನ ಮೂಡು ಮೂಲೆಯು ಸೋರಲು ಆರಂಭಿಸಿರುತ್ತದೆ!"

ನೆರೆಮನೆಯ ಕೇಶವಪ್ರಸಾದ ಜೀಪಿನಲ್ಲಿ ಮೈಕು ಹಿಡಿದವರ ಗತ್ತಿನಲ್ಲಿ ಸಾರಿ, ಕೋಲಿನಿಂದ ಟಾರ್ಪಾಲನ್ನು ಎತ್ತಿ ನೀರು ಚೆಲ್ಲಿದ. ಯಾರೂ ನಗಲಿಲ್ಲ. ಅಂಗಳದ ಆ ಟಾರ್ಪಾಲಿನ ಅಡಿಯಲ್ಲಿ ಸ್ನಾನ ಮಾಡಿಸಿ ಮಲಗಿಸಿದ್ದು ತೀರಿಕೊಂಡ ಬೋವಿಕಾನದ ಫೋಟೋಗ್ರಾಫರ್ ವೆಂಕಟಕೃಷ್ಣರನ್ನು. ಅವರು ತೆಗೆದಷ್ಟು ಚಿತ್ರ ಚಿತ್ರಗುಪ್ತನ ಹತ್ತಿರವೂ ಇರಲಿಕ್ಕಿಲ್ಲ.

"ಮಳೆ ಬಿಡುವ ಲಕ್ಷಣ ಇಲ್ಲ. ಎತ್ತುವನಾ?" ಎಂದರು ಅವರ ಅಣ್ಣ ಪುರುಷೋತ್ತಮ.

"ಸ್ವಲ್ಪ ನಿಲ್ಲಿ ಭಾವ." ವೆಂಕಟಕೃಷ್ಣರ ಹೆಂಡತಿ ಪಂಕಜಾಕ್ಷಿ ಬಾಗಿಲಿಗೆ ಬಂದರು. "ನನಗೆ ಇವರೊಟ್ಟಿಗೆ ಒಂದು ಫೋಟೋ ಬೇಕು. ಹೊರಗೆ, ಆಕಾಶದ ಬೆಳಕಿನಲ್ಲಿ."

"ಈ ಆಟಿ ತಿಂಗಳ ಮಳೆಗಾ?"

"ನಲವತ್ತು ವರ್ಷ ಒಳ್ಳೆ ಬೆಳಕೆಲ್ಲ ಊರಿನವರಿಗೇ ಹೋಯಿತು. ಕೇಳಿದರೆ 'ನಿನ್ನದು ನಾಳೆ' ಹೇಳ್ತಿದ್ದರು. ಇನ್ನು ಯಾವ ನಾಳೆ ಉಂಟು?"

ವೆಂಕಟಕೃಷ್ಣರಲ್ಲೇ ಕೆಲಸ ಕಲಿತು ಅಲ್ಲೇ ಗಡ್ಡ ನರೆಸಿಕೊಂಡ ಜಿತೇಂದ್ರ ಫೋನ್ ತೆಗೆದ. "ವಿದ್ಯಾನಗರಕ್ಕೆ ಮಾಡ್ತೇನೆ."

*

ವೆಂಕಟಕೃಷ್ಣರದು ಮೋಡಿಯಲ್ಲ, ಮೋಡದ ವಿದ್ಯೆ. ಸಮುದ್ರದ ಕಡೆಯ ಮಳೆ ಮೊದಲು ವಿದ್ಯಾನಗರದ ಕಚೇರಿಗಳನ್ನು ತೋಯಿಸಿ, ಇಪ್ಪತ್ತೆರಡು ನಿಮಿಷಕ್ಕೆ ಬೋವಿಕಾನ ಮುಟ್ಟುತ್ತದೆ. ಅಲ್ಲಿ ನಿಂತರೆ ಇಲ್ಲಿ ನಿಲ್ಲುವುದೂ ಅಷ್ಟೇ ಹೊತ್ತಿಗೆ. ಸರಕಾರಿ ಕಚೇರಿಯಿಂದ ಹೇಳಿದ ಸಮಯಕ್ಕೆ ಬರುವುದು ಅದೊಂದೇ. ಅಲ್ಲಿನ ಗುಮಾಸ್ತ ಶ್ರೀರಾಮ ಕಿಟಕಿಯ ಪಕ್ಕ ಕೂತು ಸುದ್ದಿ ಕೊಡುತ್ತಿದ್ದ. ಪ್ರಮೋಷನ್ ಬಂದರೂ ಆ ಕಿಟಕಿ ಬಿಟ್ಟಿರಲಿಲ್ಲ.

ಒಮ್ಮೆ ಒಂದು ಮದುವೆಯಲ್ಲಿ ಹುಡುಗಿಯ ತಂದೆ ರೇಗಿದ್ದರು. "ಎಂತ ಮಾರಾಯ್ರೇ, ಜಡಿಮಳೆಗೆ ಅಂಗಳದಲ್ಲಿ ಕುರ್ಚಿ ಇಡ್ತೀರಿ? ಒಳಗೆ ಲೈಟ್ ಹಾಕಿ ತೆಗೀರಿ."

"ಲೈಟ್ ಹಾಕಿದರೆ ಮುಖ ನೀರುದೋಸೆ ಹಾಗೆ ಕಾಣ್ತದೆ. ಬಿಸಿಲಾದರೆ ಮೂಗಿನ ನೆರಳು ಮದುಮಗಳಿಗೂ ಮೀಸೆ ಬರೀತದೆ. ಮಳೆ ಬಿಟ್ಟ ಮೋಡವೇ ಬೇಕು. ಒಂಬತ್ತು ನಿಮಿಷ ಉಂಟು, ಪಾಯಸ ಕುಡಿದು ಬನ್ನಿ."

ಹತ್ತನೇ ನಿಮಿಷಕ್ಕೆ ಆ ತಂದೆ ಪಾಯಸದ ಲೋಟ ಹಿಡಿದುಕೊಂಡೇ ಕೈಮುಗಿದಿದ್ದರು, ಆಕಾಶಕ್ಕೋ ವೆಂಕಟಕೃಷ್ಣರಿಗೋ ತಿಳಿಯದೆ.

*

"ಇಲ್ಲಿ ನಿಂತಿತು," ಫೋನಿನಲ್ಲಿ ಶ್ರೀರಾಮನ ದನಿ. "ಹನ್ನೊಂದು ನಲವತ್ತು. ಬಿಳಿ ಮೋಡ. ವೆಂಕಟಣ್ಣನಿಗೆ ಹೇಳು..." ಎಂದವನು ತಡೆದ. "ಪಂಕಜಕ್ಕನಿಗೆ ಹೇಳು."

ಹನ್ನೆರಡು ಹೊಡೆಯಿತು. ಮಳೆ ಇನ್ನೂ ಧೋ ಎನ್ನುತ್ತಿತ್ತು.

"ಟಾರ್ಪಾಲು ಬಿಚ್ಚಿ," ಎಂದ ಜಿತೇಂದ್ರ.

"ಮಂಡೆ ಸರಿ ಉಂಟಾ ನಿನಗೆ? ತಮ್ಮ ನೆನೆದು ಚಂಡಿ ಆಗ್ತಾನೆ!" ಪುರುಷೋತ್ತಮ ಅಡ್ಡ ನಿಂತರು.

"ಬಿಚ್ಚಲಿ ಭಾವ. ಇವರ ಲೆಕ್ಕ ತಪ್ಪಲಿಕ್ಕಿಲ್ಲ."

ನಾಲ್ವರು ಹಗ್ಗ ಬಿಚ್ಚಿದರು. ಉಳಿದವರು ಕೊಡೆಗಳನ್ನೆಲ್ಲ ವೆಂಕಟಕೃಷ್ಣರ ಮೇಲೆ ಹಿಡಿದು ತಾವು ನೆನೆದರು. ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಕೊಡೆಗಳ ಮೇಲಿನ ಸದ್ದು ನಿಂತಿತು.

ಒಂದೊಂದೇ ಕೊಡೆ ಮಡಚಿಕೊಂಡಿತು. ಅಂಗಳಕ್ಕೆ ಬೆಳಕು ಇಳಿಯಿತು. ಎಲ್ಲಿಯೂ ನೆರಳಿಲ್ಲ. ಆಗಷ್ಟೇ ತೊಳೆದಿಟ್ಟ ಹಾಗೆ ಪ್ರತಿಯೊಂದು ಮುಖ. ಎಪ್ಪತ್ತು ದಾಟಿದ ಪುರುಷೋತ್ತಮರೂ ಚಂದ ಕಂಡರು. ಅವರು ತಲೆಗೆ ಸುತ್ತಿದ ಬೈರಾಸು ತೆಗೆದು ಎದೆಗೆ ಒತ್ತಿಕೊಂಡರು.

ಪಂಕಜಾಕ್ಷಿ ಕುರ್ಚಿ ಎಳೆದು ಗಂಡನ ತಲೆಯ ಬಳಿ ಕೂತರು. ಸೆರಗು ಸರಿಮಾಡಿ ಜಿತೇಂದ್ರನ ಕ್ಯಾಮರಾ ನೋಡಿದರು.

ಜಿತೇಂದ್ರ ಬಗ್ಗಿದ. ಬೆರಳು ಗುಂಡಿಯ ಮೇಲೆ ಹೋಯಿತು, ನಿಂತಿತು.

"ಎಂತ, ತೆಗಿ."

"ಪಂಕಜಕ್ಕ, ಕಣ್ಣು ಮುಚ್ಚಿದೆ."

"ನನ್ನದಾ?"

"ಅಲ್ಲ."

ಬೆಳಗಿನಿಂದ ಎಲ್ಲರೂ ಆಕಾಶವನ್ನೇ ನೋಡಿದ್ದರು. ಇದು ಯಾರಿಗೂ ಹೊಳೆದಿರಲಿಲ್ಲ.

"ಒಬ್ಬರ ಕಣ್ಣು ಮುಚ್ಚಿದ್ದರೂ ಒತ್ತಬಾರದು, ಕಾಯಬೇಕು ಅಂತ ಇವರೇ ಕಲಿಸಿದ್ದು. ನನ್ನ ಬೆರಳು ಹೋಗುವುದಿಲ್ಲ ಪಂಕಜಕ್ಕ."

"ಹಾಗಾದರೆ ಕಾಯು," ಎಂದರು ಪಂಕಜಾಕ್ಷಿ.

ಅವರು ಕದಲಲಿಲ್ಲ. ಜಿತೇಂದ್ರನೂ ಬಗ್ಗಿಯೇ ನಿಂತ. ಎಷ್ಟೋ ಹೊತ್ತಿನ ಮೇಲೆ ಮೊದಲ ಹನಿ ವೆಂಕಟಕೃಷ್ಣರ ಹಣೆಗೆ ಬಿತ್ತು. ಪಂಕಜಾಕ್ಷಿ ಅದನ್ನು ಸೆರಗಿನಿಂದ ಒರೆಸಿ, ಮತ್ತೆ ಕ್ಯಾಮರಾದ ಕಡೆ ಮುಖ ತಿರುಗಿಸಿದರು.