ಮಧ್ಯದ ಗುರುತನ್ನೇ ನೋಡಿ

ಬೌತಿಸ್ತಾನ ತಲೆಯೊಳಗಿನ ಎಲೆಕ್ಟ್ರೋಡುಗಳನ್ನು ತೆಗೆಯಲು ಇನ್ನು ಐದೇ ದಿನ ಉಳಿದಿತ್ತು. ಪ್ರಯೋಗಾಲಯದ ಲೆಕ್ಕದ ವಿಭಾಗದ ನೊಯೆಲಿಯಾ ಬರೆದ ಕಂಪ್ಯೂಟರ್ ಪ್ರೋಗ್ರಾಮು ಮಾತ್ರ ಇದುವರೆಗೂ ಅವನಿಗೆ ಒಂದೇ ಒಂದು ಅಕ್ಷರವನ್ನೂ ನೆಟ್ಟಗೆ ಕಾಣಿಸಿರಲಿಲ್ಲ.

ಸ್ಪೇನಿನ ಎಲ್ಚೆ ಊರಿನ ಚಪ್ಪಲಿ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದ ಬೌತಿಸ್ತಾನಿಗೆ ಎರಡೂ ಕಣ್ಣು ಹೋಗಿ ಹದಿನಾರು ವರ್ಷವಾಗಿತ್ತು. ಕಳೆದ ನವೆಂಬರಿನಲ್ಲಿ ಅವನ ಮಿದುಳಿನ ಹಿಂಬದಿಗೆ, ನೋಟ ಹುಟ್ಟುವ ಜಾಗಕ್ಕೆ, ಕೂದಲೆಳೆಯಂಥ ತೊಂಬತ್ತಾರು ಸೂಜಿಗಳನ್ನು ಇಳಿಸಿದ್ದರು. ಒಂದು ಸೂಜಿಗೆ ಕರೆಂಟು ಹಾಯಿಸಿದರೆ ಅವನಿಗೆ ಒಂದು ಬೆಳಕಿನ ಚುಕ್ಕೆ ಕಾಣುತ್ತಿತ್ತು. ಅದು ಎಲ್ಲಿ ಕಂಡಿತೆಂದು ಅವನು ಹಲಗೆಯ ಮೇಲೆ ಬೆರಳಿಟ್ಟು ತೋರಿಸಬೇಕು, ಸಹಾಯಕ ಚಿಮೊ ಬರೆದುಕೊಳ್ಳಬೇಕು, ಆ ಅಂಕಿಗಳಿಂದ ನೊಯೆಲಿಯಾ ಚುಕ್ಕೆಗಳ ನಕ್ಷೆ ಮಾಡಿ ಅಕ್ಷರ ಕಟ್ಟಬೇಕು. ಕೆಲಸ ಇಷ್ಟೇ. ಆರು ತಿಂಗಳಿಗಿಂತ ಒಂದು ದಿನ ಹೆಚ್ಚಿಗೆ ಸೂಜಿ ಇಡಕೂಡದೆಂದು ನೀತಿ ಸಮಿತಿಯವರ ಕಟ್ಟಪ್ಪಣೆಯಿತ್ತು.

ಇದೇ ಪ್ರೋಗ್ರಾಮನ್ನು ಕಣ್ಣಿದ್ದ ವಿದ್ಯಾರ್ಥಿಗಳ ಮೇಲೆ, ಚುಕ್ಕೆ ತೋರಿಸುವ ಕನ್ನಡಕ ಹಾಕಿಸಿ ಪರೀಕ್ಷಿಸಿದ್ದರು. ನೂರಕ್ಕೆ ತೊಂಬತ್ತೆರಡು ಅಕ್ಷರ ಸರಿ! ಬೌತಿಸ್ತಾ ಬಂದ ಮೇಲೆ ನೂರಕ್ಕೆ ಏಳು. ಬಾಯಿಗೆ ಬಂದದ್ದು ಹೇಳಿದರೂ ಅಷ್ಟು ಸರಿಯಾಗುತ್ತದೆ. ನೊಯೆಲಿಯಾ ಲೆಕ್ಕದ ಸೂತ್ರವನ್ನು ನಾಲ್ಕು ಸಲ ಕಿತ್ತು ಕಟ್ಟಿದಳು. ಎಲ್ಲವೂ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಬುಧವಾರ ಹತ್ತೂವರೆಗೆ ಎಲ್ಲರೂ ಟೊಮೆಟೊ ತಿಕ್ಕಿದ ಬ್ರೆಡ್ಡು ತಿನ್ನುವ ಹೊತ್ತಿನಲ್ಲಿ, ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ರೊಸೆಂಡಾ ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟಳು.

"ಅರವತ್ತೊಂದು ವರ್ಷದ ಮಿದುಳು ಕಣೇ. ಹೊಸದನ್ನ ಕಲಿಯೋಕೆ ಒಪ್ತಿಲ್ಲ. ಹಾಗಂತ ಬರೆದು ಮುಗಿಸು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಂತ ಬರೀಲಾ?"

"ಬರಿ. ನಿನ್ನ ಹುದ್ದೆ ಜುಲೈಗೆ ಮುಗಿಯುತ್ತೆ, ಅದನ್ನೂ ಪಕ್ಕದಲ್ಲೇ ಬರಿ."

ನೊಯೆಲಿಯಾಳಿಗೆ ಮೈಯೆಲ್ಲ ಉರಿದುಹೋಯಿತು. ಹುದ್ದೆ ಹಾಳಾಗಿ ಹೋಗಲಿ, ತಲೆಬುರುಡೆ ಕೊರೆಸಿಕೊಂಡ ಮನುಷ್ಯನಿಗೆ ಒಂದು ಅಕ್ಷರವನ್ನಾದರೂ ತೋರಿಸದೆ ಮನೆಗೆ ಕಳಿಸುವುದೆಂದರೇನು?

ಗುರುವಾರ ಅವಳು ಕೆಳಗಿಳಿದು ಪ್ರಯೋಗದ ಕೋಣೆಗೆ ಹೋದಳು. ಆರು ತಿಂಗಳಲ್ಲಿ ಇದೇ ಮೊದಲು. ಲೆಕ್ಕದವರು ಮೇಲೆ, ಪ್ರಯೋಗದವರು ಕೆಳಗೆ, ನಡುವೆ ಓಡಾಡುವುದು ಅಂಕಿಗಳು ಮಾತ್ರ. ಅಲ್ಲಿನ ಪದ್ಧತಿಯೇ ಹಾಗೆ, ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ. ಕ್ರಿಸ್‌ಮಸ್ಸಿಗೆ ಬೌತಿಸ್ತಾ ಬಾದಾಮಿ ಮಿಠಾಯಿ ತಂದಿದ್ದಾಗ ಅವನ ಕೈ ಕುಲುಕಿದ್ದಳು, ಅಷ್ಟೇ. ಅವಳಿಗೆ ಅವನ ಮಿದುಳಿನ ಪರಿಚಯ ಚೆನ್ನಾಗಿತ್ತು, ಅವನ ಪರಿಚಯವಿರಲಿಲ್ಲ.

ಚಿಮೊ ಬೌತಿಸ್ತಾನ ಎಡಗಡೆ ಕೂತು ಕಾರ್ಡು ನೋಡಿಕೊಂಡು ಓದುತ್ತಿದ್ದ. "ದಯವಿಟ್ಟು ಪರದೆಯ ಮಧ್ಯದಲ್ಲಿರುವ ಪ್ಲಸ್ ಗುರುತನ್ನೇ ನೋಡುತ್ತಿರಿ."

"ನೋಡ್ತಿದೀನಪ್ಪ, ನೋಡ್ತಿದೀನಿ," ಎಂದ ಬೌತಿಸ್ತಾ. ಅವನ ಎರಡು ಕಣ್ಣುಗುಡ್ಡೆಗಳೂ ಚಿಮೊನ ಕಡೆಗೆ ಹೊರಳಿ ನಿಂತವು.

ನೊಯೆಲಿಯಾ ಬಾಗಿಲಲ್ಲೇ ನಿಂತುಬಿಟ್ಟಳು. "ಏನೋ ಇದು ನೀನು ಓದ್ತಿರೋದು?"

"ಕಾರ್ಡಲ್ಲಿರೋದು."

"ಅವರಿಗೆ ಕಣ್ಣು ಕಾಣಲ್ಲ ಕಣೋ!"

"ನಂಗೊತ್ತಿಲ್ವಾ? ಸಮಿತಿ ಒಪ್ಪಿರೋ ಮಾತು ಇದು, ಒಂದಕ್ಷರ ತಿದ್ದೋ ಹಾಗಿಲ್ಲ. ಬರೆದವರು ನೀವೇ ಅಲ್ವಾ?"

ಬರೆದವಳು ಅವಳೇ. ವಿದ್ಯಾರ್ಥಿಗಳಿಗಾಗಿ ಬರೆದದ್ದನ್ನು ಹಾಗೇ ಎತ್ತಿ ಸಮಿತಿಗೆ ಕೊಟ್ಟ ಈ ಅರ್ಜಿಗೂ ಅಂಟಿಸಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಸಮಿತಿಯ ಹನ್ನೊಂದು ಮಂದಿ ಓದಿ ಸಹಿ ಹಾಕಿದ್ದರು. ಕಣ್ಣಿನ ಚಲನೆಯನ್ನು ಅಳೆಯಬೇಕೇ ಎಂಬ ಪ್ರಶ್ನೆಗೂ ಅವಳೇ 'ಬೇಕಿಲ್ಲ, ವ್ಯಕ್ತಿ ಅಂಧ' ಎಂದು ತುಂಬಿದ್ದಳು.

"ಬೌತಿಸ್ತಾ ಅವರೇ, ಈಗ ನೀವು ಎಲ್ಲಿ ನೋಡ್ತಿದೀರಿ?"

"ಆ ಗುರುತನ್ನ."

"ಅದು ಎಲ್ಲಿದೆ?"

"ನಂಗೇನಮ್ಮ ಗೊತ್ತು? ಇವನ ದನಿ ಬರೋ ಕಡೆಗೇ ಇರ್ಬೇಕು ಅಂದ್ಕೊಂಡೆ. ಮಾತಾಡ್ಸೋರ ಮುಖ ನೋಡ್ಬೇಕು ಅಂತ ನಮ್ಮಮ್ಮ ಬೈದು ಕಲಿಸಿದ್ದು."

"ಚಿಮೊ, ನೀನು ಯಾವಾಗ್ಲೂ ಎಡಗಡೆನೇ ಕೂರ್ತೀಯಾ?"

"ಇಲ್ಲಪ್ಪ. ಚಳಿಗಾಲದಲ್ಲಿ ಬಲಗಡೆ ಕೂರ್ತಿದ್ದೆ, ಹೀಟರ್ ಹತ್ರ. ಮಾರ್ಚಿಂದ ಈ ಕಡೆ, ಕಿಟಕಿ ಗಾಳಿಗೆ."

ಅವಳಿಗೆ ಆಗ ಹೊಳೆಯಿತು. ಮಿದುಳಿನಲ್ಲಿ ಹುಟ್ಟಿಸಿದ ಚುಕ್ಕೆ ಕಣ್ಣು ಹೊರಳಿದತ್ತ ತಾನೂ ಹೊರಳುತ್ತದೆ. ಅರ್ಧ ನಕ್ಷೆ ಬಲಕ್ಕೆ ನೋಡುತ್ತಾ ಬರೆಸಿದ್ದು, ಇನ್ನರ್ಧ ಎಡಕ್ಕೆ ನೋಡುತ್ತಾ ಬರೆಸಿದ್ದು. ಎರಡನ್ನೂ ಸೇರಿಸಿ ಅಕ್ಷರ ಕಟ್ಟಿದರೆ ಅದು ಯಾವ ದೇವರಿಗೆ ಓದಲು ಬಂದೀತು?

ಅವಳು ರೊಸೆಂಡಾಳ ಬಳಿಗೆ ಓಡಿದಳು. ಇನ್ನೊಂದು ತಿಂಗಳು, ಹೋಗಲಿ ಒಂದು ವಾರ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ?" ರೊಸೆಂಡಾ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡಳು. "ಸೋಮವಾರ ಆಪರೇಷನ್. ಆರು ತಿಂಗಳು ಅಂದ್ರೆ ಆರು ತಿಂಗಳೇ. ನಾಳೆ ಕೊನೇ ಪ್ರಯೋಗ, ಎರಡು ಗಂಟೆ. ಅದೂ ಕಾರ್ಡಿನ ಪ್ರಕಾರವೇ ನಡೀಬೇಕು, ಇಲ್ಲಾಂದ್ರೆ ಫಲಿತಾಂಶಕ್ಕೆ ಸೇರಲ್ಲ."

"ಸೇರದಿದ್ರೆ ಬೇಡ."

"ನಿನ್ನ ಜುಲೈ?"

"ಅದೂ ಬೇಡ."

ಶುಕ್ರವಾರ ಚಿಮೊನ ಕುರ್ಚಿಯಲ್ಲಿ ನೊಯೆಲಿಯಾ ಕೂತಳು. ಕಾರ್ಡನ್ನು ಮುಟ್ಟಲಿಲ್ಲ. ಹಲಗೆಯ ನಡುವೆ ಒಂದು ಮೇಣದ ಉಂಡೆ ಅಂಟಿಸಿ, ಬೌತಿಸ್ತಾನ ತೋರುಬೆರಳನ್ನು ಹಿಡಿದು ಅದರ ಮೇಲಿಟ್ಟಳು. ಕಣ್ಣಿಲ್ಲದವನಿಗೂ ತನ್ನ ಬೆರಳು ಎಲ್ಲಿದೆಯೆಂದು ಗೊತ್ತಿರುತ್ತದೆ. "ನಿಮ್ಮ ಬೆರಳ ತುದಿ ಕಡೆಗೇ ನೋಡ್ತಿರಿ. ಚುಕ್ಕೆ ಕಂಡಲ್ಲಿ ಇನ್ನೊಂದು ಕೈಯಿಂದ ತೋರಿಸಿ. ನಾನು ಎಷ್ಟೇ ವಟಗುಟ್ಟಿದ್ರೂ ನನ್ನ ಕಡೆ ತಿರುಗ್ಬೇಡಿ."

ಹದಿನಾಲ್ಕು ಚುಕ್ಕೆಗಳ ಜಾಗವನ್ನು ಹೊಸದಾಗಿ ಅಳೆದು, ಹಳೆಯ ನಕ್ಷೆಯ ಎರಡು ಅರ್ಧಗಳನ್ನೂ ಅದಕ್ಕೆ ಸರಿಯಾಗಿ ಸರಿಸಿದಳು. ಅಷ್ಟಕ್ಕೇ ಒಂದೂವರೆ ಗಂಟೆ ಹೋಯಿತು. ಆಮೇಲೆ ಮೊದಲ ಅಕ್ಷರ ಹಾಕಿದಳು.

ಬೌತಿಸ್ತಾ ಉಸಿರು ಬಿಗಿಹಿಡಿದ. "ಎಲ್," ಎಂದ.

ಅವಳು ಇನ್ನೊಂದು ಹಾಕಿದಳು.

"ಟಿ."

ಎರಡೂ ಸರಿ. ಮೂರನೆಯದನ್ನು ತಪ್ಪು ಹೇಳಿದ. ನಾಲ್ಕನೆಯದು ಸರಿ, ಐದನೆಯದೂ ಸರಿ. ಮೂಲೆಯಲ್ಲಿದ್ದ ಚಿಮೊ "ಅಯ್ಯೋ ದೇವರೇ" ಎಂದು ಗೋಡೆಗೊರಗಿದ.

ಬೌತಿಸ್ತಾ ಬೆರಳು ತೆಗೆದ. ಅವನ ಮುಖದಲ್ಲಿ ನಗುವಿರಲಿಲ್ಲ. "ಅಂದ್ರೆ, ನವೆಂಬರಿಂದಲೂ ಹೀಗೇ ಕಾಣಬಹುದಿತ್ತಾ?"

"ಹೌದು."

"ಮಿದುಳು ಹಳೇದಾಯ್ತು ಅಂದ್ರಿ ನೀವೆಲ್ಲ. ನಾನೂ ನಂಬಿಬಿಟ್ಟೆ. ನನ್ನ ಕೈಲಾಗಲ್ಲ ಕಣೇ ಅಂತ ಹೆಂಡ್ತಿ ಮುಂದೆ ಕೂತು ಅತ್ತಿದೀನಿ."

"ತಪ್ಪು ನಂದು. ಆ ಕಾರ್ಡು ಬರೆದಿದ್ದು ನಾನೇ."

"ಒಂದ್ಸಲ ಕೆಳಗಿಳಿದು ಬಂದು ಕೇಳಿದ್ರೆ ನಾನೇ ಹೇಳ್ತಿದ್ದೆನಲ್ಲೇ!" ಅವನು ಮೇಜಿಗೆ ಗುದ್ದಿದ ಹೊಡೆತಕ್ಕೆ ಮೇಣದ ಉಂಡೆ ಉದುರಿ ಬಿತ್ತು. "ಆರು ತಿಂಗಳು! ಒಬ್ಬರಿಗೂ ಬಾಯಿ ಇರ್ಲಿಲ್ವಾ?"

ನೊಯೆಲಿಯಾ ಬಿಕ್ಕುವ ಸದ್ದು ಕೇಳಿಸಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಸದ್ದು ಕೇಳಿಸದೇ ಇರುವುದಕ್ಕೆ ಅವನೇನು ಕಿವುಡನೇ?

"ಎಷ್ಟು ಹೊತ್ತಿದೆ ಇನ್ನು?" ಎಂದ ಬೌತಿಸ್ತಾ.

"ಹದಿನೆಂಟು ನಿಮಿಷ."

"ಅಳೋದಾದ್ರೆ ಸೋಮವಾರ ಅಳು, ಇಬ್ಬರೂ ಅಳೋಣ. ಈಗ ಬೆರಳು ಎಲ್ಲಿಡ್ಬೇಕು ಹೇಳು, ಮುಂದಿನದು ಹಾಕು."